ನೂರು ರೂಪಾಯಿ ಡಾಕ್ಟರ ಉದ್ಧಾರ ಯೋಜನೆ

ಸ್ವಂತ ಕ್ಲಿನಿಕ್ ಇಟ್ಟುಕೊಂಡು ಒಂಟಿಯಾಗಿ ಕೂತಿರುವ ವೈದ್ಯರನ್ನು ಉದ್ಧಾರ ಮಾಡಲು ಈಗ ಸಲಹೆಗಾರರ ದೊಡ್ಡ ಪಡೆಯೇ ಟೊಂಕ ಕಟ್ಟಿ ನಿಂತಿದೆ. ಆರೋಗ್ಯದ ಮಾರುಕಟ್ಟೆ ಬದಲಾಗುತ್ತಿದೆ, ಬದಲಾಗದ ಡಾಕ್ಟರು ಬಾಗಿಲು ಹಾಕಬೇಕಾಗುತ್ತದೆ, ಬಾಗಿಲು ಹಾಕುವ ಮುಂಚೆ ನಮ್ಮ ಫೀಸು ಕಟ್ಟಿ ಎಂಬುದು ಇವರ ಉಪದೇಶದ ಸಾರ. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ, ಮಧ್ಯಾಹ್ನದ ಬಫೆಗೆ ಮುಂಚೆ, ಪರದೆಯ ಮೇಲೆ ಬಾಣದ ಗುರುತುಗಳು ಮೇಲಕ್ಕೆ ಏರುತ್ತಿರುವಾಗ ಈ ಉಪದೇಶ ಚೆನ್ನಾಗಿಯೇ ಕೇಳಿಸುತ್ತದೆ. ಇವರಲ್ಲಿ ಒಬ್ಬರನ್ನು ಮಂಡ್ಯ ಜಿಲ್ಲೆಯ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಪೇಟೆ ಬೀದಿಯ ಯಾವುದಾದರೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ಸಂಜೆ ಕೂರಿಸಿದರೆ ಬಾಣ ಯಾವ ಕಡೆಗೆ ತಿರುಗುತ್ತದೆ ಎಂಬುದು ನನ್ನ ಕುತೂಹಲ.

ಹಳಬರು ಇವತ್ತಿಗೂ ಡಾಕ್ಟ್ರ ಶಾಪು ಎನ್ನುವ ಆ ಜಾಗದಲ್ಲಿ ಇರುವುದಾದರೂ ಏನು? ಒಂದು ಮೇಜು, ಒಂದು ಬೀಪಿ ಯಂತ್ರ, ಹಸಿರು ಪರದೆಯ ಹಿಂದೆ ಒಂದು ಮಂಚ, ಹೊರಗೆ ಚೀಟಿ ಕೊಡುವ ಹುಡುಗ, ಗೋಡೆಯ ಮೇಲೆ ಔಷಧ ಕಂಪನಿಯ ಕ್ಯಾಲೆಂಡರು, ಅದರ ಪಕ್ಕದಲ್ಲಿ ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿಯವರ ಫೋಟೊ. ಒಳಗೆ ಕೂತವರು ಮೂವತ್ತು ವರ್ಷದ ಹಿಂದೆ ಎಂಬಿಬಿಎಸ್ ಮುಗಿಸಿ ಬಂದವರು. ದೇವಲಾಪುರದ ಅಜ್ಜಿಯ ಮೊಣಕಾಲು, ಬಿಂಡಿಗನವಿಲೆಯ ಹುಡುಗನಿಗೆ ಪರೀಕ್ಷೆ ಹೊತ್ತಿಗೇ ಬರುವ ಹೊಟ್ಟೆನೋವು, ಹೊಣಕೆರೆಯ ರೈತನ ಶುಗರು, ಆ ರೈತನ ಅಪ್ಪನಿಗೂ ಇದ್ದ ಶುಗರು, ಎಲ್ಲ ಇವರ ತಲೆಯಲ್ಲೇ ಫೈಲಾಗಿವೆ. ತಗೊಳ್ಳುವುದು ನೂರು ರೂಪಾಯಿ. ಅದರಲ್ಲೂ ಎಷ್ಟೋ ಜನ "ಕಾಯಿ ಕೀಳ್ಸುದ್ಮೇಲೆ ಕೊಡ್ತೀನಿ ಬುಡಿ ಡಾಕ್ಟ್ರೇ" ಎಂದು ಎದ್ದು ಹೋಗುತ್ತಾರೆ. ತೆಂಗಿನಕಾಯಿ ಮತ್ತೆ ಮತ್ತೆ ಕಿತ್ತರೂ ಬಾಕಿ ಮಾತ್ರ ಮರದಲ್ಲೇ ನೇತಾಡುತ್ತಿರುತ್ತದೆ. ನಾನು ಹೇಳುತ್ತಿರುವ ಡಾಕ್ಟರು ಯಾರೋ ಒಬ್ಬರಲ್ಲ; ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಪೇಟೆ ಬೀದಿಯವರನ್ನೆಲ್ಲ ಸೇರಿಸಿ ಮಾಡಿಕೊಂಡ ಒಬ್ಬರು. ಹಾಗಾಗಿ ಯಾರೂ ನನ್ನ ಮೇಲೆ ಕೇಸು ಹಾಕುವಂತಿಲ್ಲ.

ಬೆಂಚಿನಲ್ಲಿ ಕೂತ ಸಲಹೆಗಾರರಿಗೆ ಮೊದಲು ಕೇಳಿಸುವುದು ಈ ಮಾತುಕತೆ:

"ಡಾಕ್ಟ್ರೇ, ಮೈಕೈ ನೋವು, ಜ್ವರ. ಒಂದ್ ಸೂಜಿ ಹಾಕ್ಬುಡಿ."

"ವೈರಲ್ ಜ್ವರ ಕಣಪ್ಪ, ಸೂಜಿ ಬೇಡ. ನೀರು ಚೆನ್ನಾಗಿ ಕುಡಿ, ಎರಡು ದಿನ ಹೊಲಕ್ಕೆ ಹೋಗ್ಬೇಡ. ಕಮ್ಮಿ ಆಗ್ದಿದ್ರೆ ಬಾ."

"ಹಂಗಾರೆ ಒಂದ್ ಗುಲ್ಕೋಸ್ ಬಾಟ್ಲಾದ್ರೂ ಏರ್ಸಿ."

"ಅದೂ ಬೇಡ."

"ಮತ್ತೆ ನೂರ್ ರೂಪಾಯಿ ಯಾತಕ್ಕೆ?"

ಪ್ರಶ್ನೆ ನ್ಯಾಯವಾದದ್ದೇ. ಸೂಜಿಗೆ ದರ ಉಂಟು, ಬಾಟಲಿಗೆ ದರ ಉಂಟು, ಸ್ಕ್ಯಾನಿಂಗಿಗೆ ಉಂಟು, ಆಸ್ಪತ್ರೆಯ ಹಾಸಿಗೆಗೆ ದಿನದ ಲೆಕ್ಕದಲ್ಲಿ ಉಂಟು. "ಏನೂ ಬೇಡ, ಮನೆಗೆ ಹೋಗು" ಎಂಬ ಮಾತಿಗೆ ಮಾತ್ರ ಯಾರ ಪಟ್ಟಿಯಲ್ಲೂ ದರವಿಲ್ಲ. ಆ ಮಾತನ್ನು ಧೈರ್ಯವಾಗಿ ಹೇಳಲು ಐದೂವರೆ ವರ್ಷ ಓದಬೇಕು, ಸಾವಿರಾರು ಜ್ವರ ನೋಡಿರಬೇಕು, ಹೇಳಿ ಕಳಿಸಿದ ಮೇಲೆ ಅದು ಡೆಂಗಿಯಾಗಿ ತಿರುಗದಿರಲಿ ಎಂದು ರಾತ್ರಿ ಮಗ್ಗುಲು ಬದಲಿಸಬೇಕು. ಇಷ್ಟಕ್ಕೆಲ್ಲ ನೂರು ರೂಪಾಯಿ ಹೆಚ್ಚಾಯಿತು ಎಂದುಕೊಂಡ ಗಿರಾಕಿ ಸೀದಾ ಪಕ್ಕದ ಬೀದಿಗೆ ಹೋಗುತ್ತಾನೆ. ಅಲ್ಲಿ ಪದವಿಯ ಬೋರ್ಡು ಇಲ್ಲದ ಒಬ್ಬರು ಬಾಟಲಿ ನೇತುಹಾಕಿ, ಎರಡು ಸೂಜಿ ಚುಚ್ಚಿ, ಬಣ್ಣಬಣ್ಣದ ಮಾತ್ರೆ ಕಟ್ಟಿಕೊಟ್ಟು, ಮೂರು ಪಟ್ಟು ದುಡ್ಡು ಇಸ್ಕೊಳ್ಳುತ್ತಾರೆ. ಮೂರನೇ ದಿನ ವೈರಲ್ ಜ್ವರ ತನ್ನಷ್ಟಕ್ಕೆ ತಾನೇ ಇಳಿಯುತ್ತದೆ. "ಅವ್ರ ಕೈಗುಣ ಚೆನ್ನಾಗದೆ ಕಣ್ಲಾ" ಎಂದು ಊರೆಲ್ಲ ಸುದ್ದಿ. ಸಲಹೆಗಾರರು ಇದನ್ನು ಗ್ರಾಹಕ ತೃಪ್ತಿ ಎಂದು ಬರೆದುಕೊಳ್ಳಬಹುದು.

ಇಷ್ಟು ಹೊತ್ತಿಗೆ ಬೆಂಚಿನ ಮೇಲೆ ಯಾರಾದರೂ ಮಂಡ್ಯದ ಡಾ. ಎಸ್.ಸಿ. ಶಂಕರೇಗೌಡರ ಹೆಸರು ತೆಗೆದೇ ತೆಗೆಯುತ್ತಾರೆ. ಶಿವಳ್ಳಿಯ ಈ ಚರ್ಮರೋಗ ತಜ್ಞರು ದಶಕಗಟ್ಟಲೆ ಐದೇ ರೂಪಾಯಿಗೆ ರೋಗಿಗಳನ್ನು ನೋಡಿ, ದೇಶಕ್ಕೆಲ್ಲ ಐದು ರೂಪಾಯಿ ಡಾಕ್ಟರೆಂದೇ ಹೆಸರಾದವರು. ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಅವರಿಗೆ ಹಾಕುವ ಹಾರದ ದಾರ ಉಳಿದ ಡಾಕ್ಟರುಗಳ ಕುತ್ತಿಗೆಗೆ ಸುತ್ತಿಕೊಂಡಿರುತ್ತದೆ. "ಮಂಡ್ಯದಲ್ಲಿ ಐದ್ ರೂಪಾಯ್ಗೆ ನೋಡ್ತಾರೆ, ನಿಮ್ದೇನು ನೂರು?" ಇದೇ ಪ್ರಶ್ನೆಯನ್ನು ಮೈಸೂರಿನ ಕಾರ್ಪೊರೇಟ್ ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರಿನಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಅಲ್ಲಿ ಕಾರ್ಡು ಉಜ್ಜಿ, ಕಾರ್ಡಿಲ್ಲದವರು ಒಡವೆ ಅಡವಿಟ್ಟು, ಕೊನೆಗೆ "ಥ್ಯಾಂಕ್ಯೂ ಸಾರ್" ಅಂದು ಬರುತ್ತೇವೆ. ತ್ಯಾಗವನ್ನು ನಾವು ಬಯಸುವುದು ನೂರು ರೂಪಾಯಿಯವರಿಂದ ಮಾತ್ರ.

ನಾಗಮಂಗಲದವರಿಗೆ ದೊಡ್ಡ ಆಸ್ಪತ್ರೆ ಹೊಸದೇನಲ್ಲ. ತಾಲ್ಲೂಕಿನಲ್ಲೇ, ಬಿ.ಜಿ. ನಗರದಲ್ಲಿ, ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜು 1986ರಿಂದ ಇದೆ. ಜನ ಬೆಳ್ಳೂರು ಆಸ್ಪತ್ರೆ ಎನ್ನುತ್ತಾರೆ. ಹೆರಿಗೆಗೂ ಅಪಘಾತಕ್ಕೂ ಅದೇ ಗತಿ, ಅದೇ ಧೈರ್ಯ. ವೈದ್ಯಕೀಯ ಕಾಲೇಜನ್ನೇ ಮಡಿಲಲ್ಲಿಟ್ಟುಕೊಂಡ ತಾಲ್ಲೂಕು ರಾಜ್ಯದಲ್ಲಿ ಎಷ್ಟಿದ್ದಾವು? ಆದರೆ ವರ್ಷ ವರ್ಷ ಅಲ್ಲಿಂದ ಹೊರಬರುವ ಹೊಸ ಡಾಕ್ಟರುಗಳಲ್ಲಿ ನಾಗಮಂಗಲದ ಪೇಟೆ ಬೀದಿಯಲ್ಲಿ ಮೇಜು ಹಾಕಿಕೊಂಡು ಕೂರುವ ಕನಸು ಕಾಣುವವರನ್ನು ಹುಡುಕಲು ದುರ್ಬೀನು ಬೇಕು. ತಪ್ಪು ಅವರದ್ದಲ್ಲ. ಎಂಬಿಬಿಎಸ್ ಒಂದೇ ಇದ್ದರೆ ಈಗ ಹೆಣ್ಣು ಕೊಡುವವರೂ "ಮುಂದೆ ಏನ್ ಓದ್ತಾವ್ರೆ?" ಎನ್ನುತ್ತಾರೆ. ಮುಂದೆ ಓದಲು ಖಾಸಗಿ ಕಾಲೇಜಿನಲ್ಲಿ ಸೀಟು ಹಿಡಿದರೆ ಲೆಕ್ಕ ಕೋಟಿ ಮುಟ್ಟುತ್ತದೆ. ಕೋಟಿ ಹಾಕಿದವರು ನೂರು ರೂಪಾಯಿಯಂತೆ ವಾಪಸು ಎಣಿಸಿಕೊಳ್ಳಲು ಕೂತರೆ ಒಂದು ಲಕ್ಷ ರೋಗಿಗಳು ಬೇಕು. ಅಷ್ಟೂ ಜನ ಕಾಯಿಲೆ ಬೀಳಬೇಕು, ಅದೂ ಒಬ್ಬರ ಬಳಿಗೇ ಬರಬೇಕು, ಅದೂ ಕಾಯಿ ಕೀಳಿಸುವ ಮುಂಚೆಯೇ ದುಡ್ಡು ಕೊಡಬೇಕು.

ಉಚಿತ ಶಿಬಿರದ ಸಂಗತಿಗೆ ಬರೋಣ. ಯಾವ ಪಕ್ಷದ ನಾಯಕರ ಹುಟ್ಟುಹಬ್ಬವೇ ಇರಲಿ, ಒಂದು ಉಚಿತ ಆರೋಗ್ಯ ತಪಾಸಣಾ ಶಿಬಿರ ಗ್ಯಾರಂಟಿ. ಶಾಮಿಯಾನ, ಮೈಕು, ಫ್ಲೆಕ್ಸು. ಫ್ಲೆಕ್ಸಿನಲ್ಲಿ ನಾಯಕರ ಮುಖ ದೊಡ್ಡದು, ಸ್ಟೆತಾಸ್ಕೋಪು ಚಿಕ್ಕದು. ಶುಗರು ಉಚಿತ, ಇಸಿಜಿ ಉಚಿತ, ಪಲಾವೂ ಉಚಿತ. ಮಧ್ಯಾಹ್ನದ ಹೊತ್ತಿಗೆ ಯಜಮಾನರೊಬ್ಬರಿಗೆ ಬುಲಾವು: "ನಿಮ್ಮ ಇಸಿಜಿಯಲ್ಲಿ ಸ್ವಲ್ಪ ಡೌಟ್ ಇದೆ, ಸೋಮವಾರ ನಮ್ಮ ಮೇನ್ ಆಸ್ಪತ್ರೆಗೆ ಬಂದುಬಿಡಿ." ಉಚಿತ ಎಂಬುದು ಅಲ್ಲಿಗೆ ಮುಗಿಯಿತು. ಗಾಬರಿಯಾದ ಯಜಮಾನರು ಆ ಕಾಗದವನ್ನು ಸುರುಳಿ ಸುತ್ತಿಕೊಂಡು ಸಂಜೆ ಓಡಿಬರುವುದು ಎಲ್ಲಿಗೆ? ನಮ್ಮ ಡಾಕ್ಟ್ರ ಶಾಪಿಗೆ. "ಸಾ, ಇದೊಂಚೂರು ನೋಡಿ ಹೇಳ್ಬುಡಿ. ಫೀಸೇನಿಲ್ಲ ತಾನೇ? ಬರೀ ನೋಡಾದು." ಬೆಂಗಳೂರಿನಲ್ಲಿ ಇದಕ್ಕೆ ಸೆಕೆಂಡ್ ಒಪೀನಿಯನ್ ಎನ್ನುತ್ತಾರೆ, ಅಪಾಯಿಂಟ್‌ಮೆಂಟು ಬೇಕು, ಫೀಸೂ ಬೇರೆ. ನಾಗಮಂಗಲದಲ್ಲಿ ಅದು ಮುಖಪರಿಚಯದ ಖಾತೆಗೆ ಜಮಾ.

ಈ ಶಿಬಿರಗಳ ಹಿಂದೆಯೇ ಬರುವುದು ದೊಡ್ಡ ಆಸ್ಪತ್ರೆಯ ಪಿಆರ್‌ಒ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸ್ವೀಟ್ ಬಾಕ್ಸು, ಹೊಸ ವರ್ಷವಾದರೆ ಡೈರಿ. "ಸರ್, ನೀವು ಕಳಿಸೋ ಪೇಷಂಟ್‌ಗಳನ್ನ ವಿಐಪಿ ತರಹ ನೋಡ್ಕೋತೀವಿ. ನಿಮ್ಮನ್ನೂ ನೋಡ್ಕೋತೀವಿ." ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳ ಪ್ರಕಾರ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವಂತೆಯೂ ಇಲ್ಲ, ತಗೊಳ್ಳುವಂತೆಯೂ ಇಲ್ಲ. ಹಾಗಾಗಿ ಕಮಿಷನ್ ಎಂಬುದು ಈ ದೇಶದಲ್ಲಿ ಇಲ್ಲ. ಇರುವುದೆಲ್ಲ ಸ್ನೇಹ, ಸಹಕಾರ, ಗೌರವಧನ. ನೂರು ರೂಪಾಯಿ ಫೀಸಿಗೆ ಹತ್ತು ಮಾತು ಕೇಳುವ ಡಾಕ್ಟರು ಒಂದೇ ಒಂದು ಚೀಟಿ ಬರೆದು ಮೈಸೂರು ಬಸ್ಸು ಹತ್ತಿಸಿದರೆ ಆ ತಿಂಗಳ ಬಾಡಿಗೆ ಕಳೆಯುತ್ತದೆ ಎಂಬ ಗಣಿತವನ್ನು ಹುಡುಗ ಬಾಯಿಬಿಟ್ಟು ಹೇಳುವುದಿಲ್ಲ. ಸ್ವೀಟ್ ಬಾಕ್ಸು ಹೇಳುತ್ತದೆ. ಎಷ್ಟೋ ಡಾಕ್ಟರು ಆ ಡಬ್ಬಿಯನ್ನು ಚೀಟಿ ಕೊಡುವ ಹುಡುಗನಿಗೆ ದಾಟಿಸಿ ಸುಮ್ಮನಾಗುತ್ತಾರೆ. ಅಂಥವರ ಬಗ್ಗೆ ಸಲಹೆಗಾರರ ವರದಿಯಲ್ಲಿ ಏನಿರುತ್ತದೆ ಗೊತ್ತೆ? ಅವಕಾಶಗಳನ್ನು ಬಳಸಿಕೊಳ್ಳುತ್ತಿಲ್ಲ ಎಂದು.

ಆ ಬಸ್ಸು ಹತ್ತಿದ ದುಡ್ಡು ಎಲ್ಲೆಲ್ಲಿ ತಿರುಗಿ ಬರುತ್ತದೆ ಎಂಬುದೂ ಸ್ವಾರಸ್ಯವೇ. ಮೈಸೂರಿನಲ್ಲಿ ಕೊಲಂಬಿಯಾ ಏಷಿಯಾ ಎಂಬ ಆಸ್ಪತ್ರೆ ಇತ್ತು. 2021ರಲ್ಲಿ ಆ ಸರಣಿಯ ಭಾರತದ ಆಸ್ಪತ್ರೆಗಳನ್ನು ಮಣಿಪಾಲ್ ಕೊಂಡಿತು. 2023ರಲ್ಲಿ ಮಣಿಪಾಲ್ ಆಸ್ಪತ್ರೆಗಳ ಬಹುಪಾಲು ಷೇರು ಸಿಂಗಪುರ ಸರ್ಕಾರದ ಹೂಡಿಕೆ ಕಂಪನಿ ಟೆಮಾಸೆಕ್ ಕೈಗೆ ಹೋಯಿತು. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಚಿಕಿತ್ಸೆಯೂ ಚೆನ್ನಾಗಿಯೇ ಇರಬಹುದು. ದೇವಲಾಪುರದ ಅಜ್ಜಿಯ ಮೊಣಕಾಲಿನ ಮೇಲೆ ಸಿಂಗಪುರಕ್ಕೂ ಒಂದು ಕಣ್ಣಿದೆ ಎಂದು ತಿಳಿದು ನಮ್ಮ ತಾಲ್ಲೂಕಿನವರು ಹೆಮ್ಮೆಪಡಬೇಕು, ಅಷ್ಟೆ. ಅಂಥವರ ಎದುರು ಪೈಪೋಟಿಗೆ ನಿಂತಿರುವುದು ಯಾರು? ಬೀಪಿ ಯಂತ್ರದ ರಬ್ಬರು ಸೀಳಿದೆ, ಬದಲಾಯಿಸಬೇಕು ಎಂದುಕೊಳ್ಳುತ್ತಲೇ ಇರುವ ನಮ್ಮ ಡಾಕ್ಟರು.

ಸರಿ, ಸಲಹೆಗಳನ್ನೇ ಒಂದಿಷ್ಟು ಪಾಲಿಸಿ ನೋಡೋಣ. ಬ್ರ್ಯಾಂಡ್ ಆಗಿ ಎನ್ನುತ್ತಾರೆ. ಡಾಕ್ಟರ ಹೆಸರು ನಾಲ್ಕು ಹೋಬಳಿಗೆ ಗೊತ್ತು. ಆದರೆ ಅದು ಬ್ರ್ಯಾಂಡ್ ಅಲ್ಲವಂತೆ, ಲೋಗೊ ಬೇಕಂತೆ. ಆ್ಯಪಿನಲ್ಲಿ ಅಪಾಯಿಂಟ್‌ಮೆಂಟು ಕೊಡಿ ಎನ್ನುತ್ತಾರೆ. ಕೊಟ್ಟರು. ಆ್ಯಪಿನಲ್ಲಿ ಆರೂವರೆಗೆ ಬುಕ್ ಮಾಡಿದವನು ಎಂಟಕ್ಕೆ ಬಂದ. ಬುಕ್ ಮಾಡದೆ ಐದಕ್ಕೇ ಬಂದು ಕೂತ ಅಜ್ಜಿ ಮೊಮ್ಮಗನ ಕೂಸನ್ನೂ ಕರೆತಂದು "ಇದ್ನೂ ಒಸಿ ನೋಡಿ" ಎಂದರು. ರೀಲ್ಸ್ ಮಾಡಿ ಎನ್ನುತ್ತಾರೆ. ಗೂಗಲ್‌ನಲ್ಲಿ ನಕ್ಷತ್ರ ಸಂಪಾದಿಸಿ ಎನ್ನುತ್ತಾರೆ. ಸಂಪಾದನೆಯಾದದ್ದು ಒಂದು ನಕ್ಷತ್ರ, ಕೆಳಗೆ ಷರಾ: "ಡಾಕ್ಟ್ರು ಒಳ್ಳೆಯೋರು, ಡ್ರಿಪ್ಸ್ ಹಾಕಲ್ಲ." ಔಷಧ ಮಾತ್ರ ಆ್ಯಪಿನಿಂದ ರಿಯಾಯಿತಿ ದರದಲ್ಲಿ ಮನೆಗೇ ಬರುತ್ತದೆ, ಯಾವ ಮಾತ್ರೆ ಊಟಕ್ಕೆ ಮುಂಚೆ ಎಂದು ಕೇಳಲು ರಾತ್ರಿ ಒಂಬತ್ತೂವರೆಗೆ ಫೋನು ಬರುವುದು ಡಾಕ್ಟರಿಗೆ. ಆ್ಯಪಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತದಲ್ಲ.

ಇನ್ನು ಸರ್ಕಾರ. ಅದರ ಕಣ್ಣಿಗೆ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಲ್ಲಿ ಐನೂರು ಹಾಸಿಗೆಯ ಆಸ್ಪತ್ರೆಯೂ ಒಂದು ಸಂಸ್ಥೆ, ಹಸಿರು ಪರದೆಯ ಶಾಪೂ ಒಂದು ಸಂಸ್ಥೆ. ನೋಂದಣಿ ಬೇಕು, ಅದರ ನವೀಕರಣ ಬೇಕು. ದಿನಕ್ಕೆ ನಾಲ್ಕು ಸೂಜಿ ಬಳಸಿದರೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ, ಮಾಲಿನ್ಯ ನಿಯಂತ್ರಣ ಮಂಡಳಿ, ಕಸ ಒಯ್ಯುವವರ ಜೊತೆ ಕರಾರು. ಒಂದೊಂದನ್ನೂ ಬಿಡಿಸಿ ನೋಡಿದರೆ ಅಗತ್ಯವೇ. ರಕ್ತ ಅಂಟಿದ ಸೂಜಿ ಚರಂಡಿಗೆ ಬೀಳಬಾರದು. ಆದರೆ ಐನೂರು ಹಾಸಿಗೆಯವರಿಗೆ ಇದನ್ನೆಲ್ಲ ನೋಡಿಕೊಳ್ಳಲು ಒಂದು ವಿಭಾಗವೇ ಇದೆ. ಇಲ್ಲಿ ಆ ವಿಭಾಗದ ಹೆಸರು ಚೀಟಿ ಕೊಡುವ ಹುಡುಗ. 2024ರಲ್ಲಿ ನಕಲಿ ವೈದ್ಯರನ್ನು ಹಿಡಿಯಲು ಹೊಸ ಉಪಾಯವೂ ಬಂತು: ಅಲೋಪತಿಯವರ ಬೋರ್ಡು ನೀಲಿ, ಆಯುರ್ವೇದದವರದ್ದು ಹಸಿರು, ಮೇಲೆ ನೋಂದಣಿ ಸಂಖ್ಯೆ. ಅಸಲಿ ಡಾಕ್ಟರು ಪೇಂಟರನ್ನು ಹುಡುಕಿಕೊಂಡು ಹೊರಟರು. ಬೋರ್ಡೇ ಇಲ್ಲದ ಪಕ್ಕದ ಬೀದಿಯವರಿಗೆ ಬಣ್ಣದ ಖರ್ಚು ಉಳಿಯಿತು.

ಮಾರುಕಟ್ಟೆಯನ್ನು ಸರಿಯಾಗಿ ಓದಿಕೊಂಡವರು ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಹೆಣ್ಣು ಭ್ರೂಣ ಹತ್ಯೆ ಜಾಲದ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ. ಬೆಲ್ಲದ ಕೊಪ್ಪರಿಗೆ ಇರುವಲ್ಲಿ ಸ್ಕ್ಯಾನಿಂಗ್ ಯಂತ್ರ. 2024ರ ಮೇ ತಿಂಗಳಲ್ಲಿ ಇನ್ನೊಂದು ಪ್ರಕರಣ ಸಿಕ್ಕಿಬಿದ್ದದ್ದು ಪಾಂಡವಪುರದಲ್ಲಿ, ಅದೂ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ. ಲಿಂಗ ಪತ್ತೆ ನಿಷೇಧಿಸಿದ ಕಾನೂನು ಬಂದದ್ದು 1994ರಲ್ಲಿ. ಆಲೆಮನೆಗೆ ಬೋರ್ಡಿನ ಬಣ್ಣ ಕೇಳುವವರಿರಲಿಲ್ಲ, ಗೂಗಲ್ ನಕ್ಷತ್ರ ಬೇಕಿರಲಿಲ್ಲ. ಗಿರಾಕಿಗಳು ಏಜೆಂಟರ ಕೈಹಿಡಿದು ಬರುತ್ತಿದ್ದರು, "ಕಾಯಿ ಕೀಳ್ಸುದ್ಮೇಲೆ" ಎಂದು ಯಾರೂ ಸಾಲ ಹೇಳಿರಲಾರರು. ನೂರು ರೂಪಾಯಿಗೆ ಚೌಕಾಸಿ ಮಾಡುವ ಕೈಗಳೇ ಅಲ್ಲಿ ಕಂತೆ ಎಣಿಸಿದವು. ಈ ಒಂದು ವಾಕ್ಯದಲ್ಲಿ ವ್ಯಂಗ್ಯ ಇಲ್ಲ.

2017ರ ನವೆಂಬರನ್ನು ನೆನಪಿಸಿಕೊಳ್ಳಿ. ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅದೇ 2007ರ ಅಧಿನಿಯಮಕ್ಕೆ ಖಾಸಗಿ ಆಸ್ಪತ್ರೆಗಳ ದರಕ್ಕೆ ಮೂಗುದಾರ ಹಾಕುವ, ತಪ್ಪಿದವರನ್ನು ಜೈಲಿಗೆ ಕಳಿಸುವ ತಿದ್ದುಪಡಿ ತಂದರು. ರಾಜ್ಯದ ಖಾಸಗಿ ವೈದ್ಯರೆಲ್ಲ ಬಾಗಿಲು ಹಾಕಿ ಬೆಳಗಾವಿ ಅಧಿವೇಶನದ ಹೊರಗೆ ಕೂತರು. ಚಿಕಿತ್ಸೆ ಸಿಗದೆ ಜನ ಸತ್ತ ಸುದ್ದಿಗಳು ಬಂದವು. ಕೊನೆಗೆ ಜೈಲಿನ ಮಾತು ಮೆತ್ತಗಾಯಿತು, ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಎಂದಾಯಿತು. ದೊಡ್ಡವರಿಗೆ ಉಸಿರು ಬಂತು. ಐಸಿಯು ಇಲ್ಲದ, ವೆಂಟಿಲೇಟರ್ ಇಲ್ಲದ, ದರ ನಿಗದಿ ಮಾಡಿದರೂ ಕಳೆದುಕೊಳ್ಳಲು ಏನೂ ಇಲ್ಲದ ನಮ್ಮ ಡಾಕ್ಟರೂ ಆ ದಿನಗಳಲ್ಲಿ ಶಾಪು ಮುಚ್ಚಿದ್ದರು. ಊರಿನವರ ಬೈಗುಳ ತಿಂದದ್ದು ಮಾತ್ರ ಅವರೇ. ಐಸಿಯು ಮಾಲೀಕರ ಮನೆ ನಮ್ಮವರಿಗೆ ಗೊತ್ತಿಲ್ಲ, ಇವರ ಮನೆ ಗೊತ್ತು.

ಈ ಎಲ್ಲ ತಮಾಷೆಯ ಬುಡ ಇರುವುದು ಒಂದೇ ಕಡೆ. 2003ರಲ್ಲಿ, ನಮ್ಮ ಮಂಡ್ಯದವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಸಹಕಾರ ಸಂಘದ ರೈತರಿಗಾಗಿ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಒಳ್ಳೆಯ ಯೋಜನೆ, ಎಷ್ಟೋ ಮನೆ ಹೊಲ ಮಾರುವುದನ್ನು ತಪ್ಪಿಸಿದೆ. ಆದರೆ ಅದು ಹುಟ್ಟಿದ್ದೇ ಶಸ್ತ್ರಚಿಕಿತ್ಸೆಗಾಗಿ. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು; ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಅದೂ ಆಸ್ಪತ್ರೆಗೆ ಸೇರಿದವರಿಗೆ. ಈಗ ಹೊಣಕೆರೆಯ ನಮ್ಮ ಶುಗರಿನ ರೈತನನ್ನು ತಗೊಳ್ಳಿ. ತಿಂಗಳಿಗೊಮ್ಮೆ ಬಂದು ಕಾಲು ತೋರಿಸಿ, ಬೆರಳ ಸಂದಿಯಲ್ಲಿ ಗಾಯ ಇದೆಯೇ ಎಂದು ನೋಡಿಸಿಕೊಂಡು, ಬೈಸಿಕೊಂಡು, ಮಾತ್ರೆ ಬದಲಿಸಿಕೊಂಡು ಹೋಗಲು ಬೇಕಾದದ್ದು ನೂರು ರೂಪಾಯಿ. ಇದಕ್ಕೆ ಯಾವ ಕಾರ್ಡೂ ಕಾಸು ಕೊಡುವುದಿಲ್ಲ. ನೂರು ಉಳಿಸಲು ಆತ ಮೂರು ತಿಂಗಳು ಬರಲಿಲ್ಲ ಎನ್ನಿ. ಗಾಯ ಕೊಳೆತು ಕಾಲು ಕತ್ತರಿಸುವ ಹಂತ ಮುಟ್ಟಿತು ಎನ್ನಿ. ಆಗ ಯೋಜನೆ ಕೈಹಿಡಿಯುತ್ತದೆ. ಕಾಲು ಕತ್ತರಿಸಲು ಪ್ಯಾಕೇಜ್ ಉಂಟು. ಕಾಲು ಉಳಿಸಿದವರಿಗೆ ಕೊಡಲು ಖಜಾನೆಯಲ್ಲಿ ಒಂದು ಪೈಸೆಯ ಶೀರ್ಷಿಕೆಯೂ ಇಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರ ಇದೆಯಲ್ಲ, ಅಲ್ಲಿ ಪುಕ್ಕಟೆ ನೋಡುವುದಿಲ್ಲವೇ ಎಂದು ಕೇಳಬಹುದು. ನೋಡುತ್ತಾರೆ, ಡಾಕ್ಟರು ಮೀಟಿಂಗಿಗೆ ಹೋಗಿರದಿದ್ದರೆ, ಸಂಜೆಯೊಳಗೆ ಜ್ವರ ಬಂದರೆ. ನಮ್ಮ ಕಡೆಯ ಜ್ವರ ಹೊಲದ ಕೆಲಸ ಮುಗಿದ ಮೇಲೆ ಬರುತ್ತದೆ. ಆ ಹೊತ್ತಿನಲ್ಲಿ ದೀಪ ಉರಿಯುತ್ತಿರುವುದು ಪೇಟೆ ಬೀದಿಯ ಶಾಪಿನಲ್ಲೇ.

ಆದ್ದರಿಂದ ಸಲಹೆಗಾರರಿಗೆ ಒಂದು ವಿನಂತಿ: ಲೋಗೊ ಬೇಡ, ರೀಲ್ಸ್ ಬೇಡ. ಐನೂರು ಹಾಸಿಗೆಗೂ ಒಂದು ಮೇಜಿಗೂ ಒಂದೇ ಅಳತೆಯ ಕಾಗದ ಬೇಡವೆಂದು ವಿಧಾನಸೌಧದಲ್ಲಿ ಹೇಳಿ. ಶುಗರು, ಬೀಪಿ ಇರುವ ಕಾರ್ಡುದಾರರು ತಿಂಗಳಿಗೊಮ್ಮೆ ಊರಿನ ಡಾಕ್ಟರನ್ನು ಕಂಡರೆ ಆ ನೂರು ರೂಪಾಯಿಯನ್ನು ಯೋಜನೆಯೇ ಕಟ್ಟಲಿ ಎಂದು ಹೇಳಿ. ಒಂದು ಕಾಲಿನ ಪ್ಯಾಕೇಜಿನಲ್ಲಿ ಎಷ್ಟು ವರ್ಷದ ನೂರು ರೂಪಾಯಿ ಸಿಗುತ್ತದೆ ಎಂದು ನಿಮ್ಮ ಬಾಣದ ಗುರುತಿನಲ್ಲೇ ತೋರಿಸಿ. ಅದಕ್ಕೆ ಫೀಸು ಸಿಗುವುದಿಲ್ಲ ಎಂದಾದರೆ ನಮ್ಮ ಡಾಕ್ಟರ ಪಾಡಿಗೆ ಅವರನ್ನು ಬಿಡಿ.

ಓದುಗರಿಗೂ ಒಂದು ಮಾತು. ಮುಂದಿನ ಸಲ ಡಾಕ್ಟರು ಸೂಜಿ ಹಾಕದೆ, ಚೀಟಿಯನ್ನೂ ಬರೆಯದೆ "ಏನೂ ಬೇಡ, ಮನೆಗೆ ಹೋಗಿ" ಎಂದರೆ, ಜೇಬಿನಿಂದ ನೂರು ತೆಗೆದು ಮೇಜಿನ ಮೇಲಿಡಿ. ಹಳೆ ಬಾಕಿ ಇದ್ದರೆ ಅದನ್ನೂ ಇಡಿ. ಕಾಯಿ ಕಿತ್ತಾಗಿದೆ, ನಿಮಗೂ ಗೊತ್ತು, ಅವರಿಗೂ ಗೊತ್ತು.